ಹೆಬ್ಬೆಟ್ಟು ನಮ್ಮದು, ಕಾಗದ ಅವರದು

ನಮ್ಮವ್ವನ ಗರ್ಭಕೋಶ ತೆಗೆದ ಸುದ್ದಿ ನನಗಿಂತ ಮೊದಲು ಟೀ ಅಂಗಡಿಗೆ ಗೊತ್ತಾಗಿತ್ತು.

ಅದು 2021ರ ಡಿಸೆಂಬರ್. ನಾನು ತುಮಕೂರಿನ ಹಾಸ್ಟೆಲಿನಲ್ಲಿದ್ದೆ, ಬಿ.ಎ. ಕೊನೆಯ ವರ್ಷ. ಅಪ್ಪ ಫೋನಿನಲ್ಲಿ, 'ಅವ್ವಂಗೆ ಒಸಿ ಹೊಟ್ಟೆನೋವು, ಆಸ್ಪತ್ರೆಗೆ ಸೇರ್ಸಿವ್ನಿ, ನೀನೇನ್ ಗಾಬ್ರಿ ಆಗ್ಬೇಡ' ಎಂದಷ್ಟೇ ಹೇಳಿದ್ದ. ಬಸ್ಸಿಳಿದು ಮನೆ ಕಡೆ ಕಾಲು ಹಾಕುತ್ತಿದ್ದಾಗ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರು ಕರೆದರು.

'ಏನ್ಲಾ, ನಿಮ್ಮವ್ವುಂದು ಗರ್ಭಕೋಶ ತಗುಸ್ಬುಟ್ರಂತೆ? ಇನ್ನ ಕಳೆ ಕೀಳಾಕೆ ಬತ್ತಾಳೋ ಇಲ್ವೋ?'

ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಇದ್ದರು. ಯಾರೂ ನಗಲಿಲ್ಲ. ಆ ಯಜಮಾನರ ಮಾತಿನಲ್ಲಿ ಕುಹಕವೂ ಇರಲಿಲ್ಲ. ಅವರು ತಮ್ಮ ಗದ್ದೆಗೆ ಒಂದು ಆಳು ಕಡಿಮೆಯಾಯಿತೇ ಎಂದು ಲೆಕ್ಕ ಹಾಕುತ್ತಿದ್ದರು, ಅಷ್ಟೆ. ಎತ್ತಿನ ಕಾಲು ಮುರಿದರೆ ಕೇಳುವ ಹಾಗೆ ಕೇಳಿದರು. ಕುಹಕ ಇದ್ದಿದ್ದರೆ ನಾನು ಜಗಳ ಆಡಬಹುದಿತ್ತು. ಲೆಕ್ಕದ ಜೊತೆ ಹೇಗೆ ಜಗಳ ಆಡುವುದು? 'ಗೊತ್ತಿಲ್ಲ' ಎಂದು ಹೇಳಿ ತಲೆ ತಗ್ಗಿಸಿಕೊಂಡು ನಡೆದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ.

ಇದನ್ನು ಬರೆಯುವ ಮೊದಲು ಅವ್ವನನ್ನು ಕೇಳಿದೆ. 'ಅವ್ವ, ನಿನ್ ಆಪ್ರೇಷನ್ ವಿಷ್ಯ ಒಂದ್ ಪತ್ರಿಕೇಲಿ ಬರೀಲಾ?' ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ ಹೇಳಿದಳು: 'ಆಪ್ರೇಷನ್ ಬರ್ಕೋ, ಊರ್ಗೆಲ್ಲ ಗೊತ್ತಿರದೇಯ. ಆ ಒಂದ್ ಸಾಲು ಮಾತ್ರ ಬರೀಬ್ಯಾಡ.'

ಆ ಒಂದು ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಸಾಲನ್ನು ಬರೆಯುವುದಿಲ್ಲ.

*

ನಮ್ಮ ಊರು ಮಾರ್ಕೋನಹಳ್ಳಿ, ಕುಣಿಗಲ್ ತಾಲ್ಲೂಕು. ಶಿಂಷಾ ಹೊಳೆಗೆ ಕಟ್ಟಿದ ಡ್ಯಾಮಿನಿಂದ ಊರಿಗೆ ಹೆಸರು. ಮೈಸೂರು ಅರಸರ ಕಾಲದ ಡ್ಯಾಮು. ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ತಾನಾಗಿಯೇ ಎಳೆದುಕೊಂಡು ಹೊರಗೆ ಬಿಡುತ್ತದೆ, ಯಾರೂ ಗೇಟು ಎತ್ತಬೇಕಿಲ್ಲ. ಕೋಡಿ ಬಿದ್ದ ವರ್ಷ ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಚಿಕ್ಕವನಿದ್ದಾಗ ನಾನೂ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ನಮ್ಮವ್ವ ಮಾತ್ರ ಆ ನೀರು ಕುಡಿದ ಗದ್ದೆಗಳಲ್ಲಿ ಬಗ್ಗಿಯೇ ಇಪ್ಪತ್ತು ವರ್ಷ ಕಳೆದವಳು. ನಾಟಿ, ಕಳೆ, ಕುಯ್ಲು. ಗದ್ದೆ ನಮ್ಮದಲ್ಲ.

ಆ ವರ್ಷ ಅವಳಿಗೆ ಮುಟ್ಟು ನಿಲ್ಲುತ್ತಿರಲಿಲ್ಲ. ಹದಿನೈದು ದಿನ, ಇಪ್ಪತ್ತು ದಿನ. ಬಟ್ಟೆ ಕಟ್ಟಿಕೊಂಡೇ ಕೆಸರಿಗೆ ಇಳಿಯುತ್ತಿದ್ದಳು. ಮನೆಯಲ್ಲಿ ಇಬ್ಬರು ಗಂಡಸರು, ಯಾರಿಗೆ ಹೇಳುತ್ತಾಳೆ? ಒಂದು ದಿನ ಬದುವಿನ ಮೇಲೆ ಕುಸಿದುಬಿದ್ದಳು. ಅಪ್ಪ ಸಾಲ ಮಾಡಿ ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ. ಯಾವ ಪೇಟೆ, ಯಾವ ನರ್ಸಿಂಗ್ ಹೋಮು ಎಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಒಳ್ಳೆಯವು ಎಂದಾಗಿಬಿಡುತ್ತದೆ.

ಅಲ್ಲಿ ಏನಾಯಿತು ಎಂದು ಅವ್ವ ಆಮೇಲೆ ಚೂರು ಚೂರಾಗಿ ಹೇಳಿದಳು. ಹಾಲಿನ ತುಂಬ ಜನ. ಚೀಟಿ ಹಿಡಿದ ಹುಡುಗ ಬಾಗಿಲಲ್ಲಿ ನಿಂತು ಕೂಗಿದನಂತೆ: 'ಎ.ಕೆ. ಕಾಲೋನಿ ಯಾರಮ್ಮ? ಗರ್ಭಕೋಶದ್ದು! ಬನ್ನಿ ಬನ್ನಿ!' ನಮಗೆ ಬೀದಿಯ ಹೆಸರಿಲ್ಲ, ಮನೆ ನಂಬರಿಲ್ಲ. ಎ.ಕೆ. ಕಾಲೋನಿ ಅಂದರೆ ಆದಿ ಕರ್ನಾಟಕ ಕಾಲೋನಿ. ವಿಳಾಸ ಅಂದರೆ ಜಾತಿ. ಆ ಹುಡುಗ ಒಂದೇ ಉಸಿರಿಗೆ ಅವಳ ಜಾತಿಯನ್ನೂ ಅವಳ ಗರ್ಭವನ್ನೂ ಹಾಲಿನಲ್ಲಿದ್ದವರಿಗೆಲ್ಲ ಸಾರಿಬಿಟ್ಟ. 'ಎದ್ದು ನಿಂತ್ಕಂಡ್ರೆ ಎಲ್ರೂ ನೋಡ್ತಾರೆ, ಕುಂತ್ಕಂಡಿದ್ರೆ ನನ್ ಪಾಳಿ ಹೋಯ್ತದೆ. ಏನ್ ಮಾಡನ ಹೇಳು?' ಎಂದಳು ಅವ್ವ. ಎದ್ದಳು.

ನರ್ಸು ಒಂದು ಇಂಗ್ಲಿಷ್ ಕಾಗದದ ಮೇಲೆ ಮೂರು ಕಡೆ ಹೆಬ್ಬೆಟ್ಟು ಒತ್ತಿಸಿಕೊಂಡಳು. 'ಏನಿದು ಕನವ್ವ?' ಎಂದು ಕೇಳಿದ್ದಕ್ಕೆ, 'ಏನಿಲ್ಲ, ಆಪರೇಷನ್‌ಗೆ ಒತ್ಬೇಕು' ಎಂದಳಂತೆ. ಐದನೇ ದಿನ ಮನೆಗೆ ಕಳಿಸುವಾಗ ಕೊಟ್ಟಿದ್ದು ಅಂಗೈ ಅಗಲದ ಒಂದು ಚೀಟಿ. ಎರಡು ಮಾತ್ರೆಯ ಹೆಸರು, ಟಿ.ಎ.ಎಚ್. ಎಂಬ ಮೂರು ಅಕ್ಷರ, ಒಂದು ಗೀಚಿದ ಸಹಿ. ನಲವತ್ತು ತುಂಬದ ಒಂದು ಹೆಣ್ಣಿನ ಒಡಲಿನ ಕತೆಯೆಲ್ಲ ಮೂರಕ್ಷರ.

ಆ ಮೂರಕ್ಷರ ನಮಗೆ ಬಂತು. ಮಿಕ್ಕ ಕತೆ ಟೀ ಅಂಗಡಿಗೆ ಹೋಯಿತು. ಕೌಂಟರಿನಲ್ಲಿ ಕೂರುವ ಹುಡುಗನಿಗೂ ಆ ಯಜಮಾನರ ಮನೆಗೂ ಬಳಕೆ ಇತ್ತೆಂದು ಆಮೇಲೆ ತಿಳಿಯಿತು.

*

ಎರಡು ವರ್ಷ ಕಳೆದ ಮೇಲೆ ಅವ್ವನಿಗೆ ಸೊಂಟ ನೋವು ಶುರುವಾಯಿತು. ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಆಗುತ್ತದೆ ಎನ್ನುವಳು. ಮಾಘದ ಚಳಿಯಲ್ಲಿ ಬೆವರುವಳು. ಹೊಟ್ಟೆಯ ಕೆಳಗೆ ಎಳೆತ. ಅಷ್ಟು ಹೊತ್ತಿಗೆ ನನ್ನ ಡಿಗ್ರಿ ಮುಗಿದಿತ್ತು. ನಮ್ಮ ವಂಶದಲ್ಲಿ ಮೊದಲನೆಯ ಡಿಗ್ರಿ. ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಚೀಟಿ ನೋಡಿ ನನ್ನ ಮುಖ ನೋಡಿದರು.

'ಗರ್ಭಕೋಶ ಯಾಕೆ ತೆಗೆದರು? ಅಂಡಾಶಯ ಉಳಿಸಿದ್ದಾರಾ, ಅದನ್ನೂ ತೆಗೆದಿದ್ದಾರಾ? ತೆಗೆದಿದ್ದನ್ನು ಪರೀಕ್ಷೆಗೆ ಕಳಿಸಿರುತ್ತಾರೆ, ಬಯಾಪ್ಸಿ ರಿಪೋರ್ಟ್ ಎಲ್ಲಿ? ಅದಿಲ್ಲದೆ ನಾನು ಏನನ್ನೂ ಖಚಿತವಾಗಿ ಹೇಳೋಕಾಗಲ್ಲ. ಹಳೆ ಫೈಲ್ ತನ್ನಿ.'

ಬಯಾಪ್ಸಿ ಎಂಬ ಮಾತು ಕೇಳಿದ್ದೇ ಅಪ್ಪ ಗೋಡೆಗೆ ಒರಗಿಕೊಂಡ. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ. ಅಲ್ಲಿಂದಾಚೆ ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಶಬ್ದ ಆಡಲಿಲ್ಲ, ಯಾರೂ ಬೇರೆ ಏನನ್ನೂ ಯೋಚಿಸಲೂ ಇಲ್ಲ. ಅಪ್ಪ ಎರಡು ಕುರಿ ಮಾರಿ ಸ್ಕ್ಯಾನಿಂಗಿಗೆ ದುಡ್ಡು ಹೊಂದಿಸಿದ.

ನರ್ಸಿಂಗ್ ಹೋಮಿಗೆ ಹೋಗಿ ಫೈಲು ಕೇಳಿದೆ. ಕೌಂಟರಿನವರು, 'ಹಂಗೆಲ್ಲ ಕೊಡಕ್ ಬರಲ್ಲ' ಎಂದರು. ಇನ್ನೊಂದು ಸಲ ಹೋದೆ. 'ಸಾಹೇಬ್ರು ಇಲ್ಲ.' ಮೂರನೇ ಸಲ ಹೋದಾಗ ಒಳಗಿನಿಂದ ಒಬ್ಬರು ಬಂದು ನೇರವಾಗಿಯೇ ಹೇಳಿದರು: 'ಫೈಲು ಆಸ್ಪತ್ರೆ ಆಸ್ತಿ ಕಣಯ್ಯ. ನಿಮ್ಮಂತೋರ ಕೈಗೆ ಕೊಟ್ರೆ ನಾಳೆ ಕೇಸ್ ಹಾಕ್ತೀರ. ಪೇಷಂಟ್ ವಿಷ್ಯ ಗುಟ್ಟು, ಗೊತ್ತಾ?'

ಗುಟ್ಟು! ಟೀ ಅಂಗಡಿಗೆ ಗೊತ್ತಿರುವುದು, ಗದ್ದೆ ಯಜಮಾನನಿಗೆ ಗೊತ್ತಿರುವುದು, ಅದರ ಒಡತಿಗೆ ಮಾತ್ರ ಗುಟ್ಟು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕೂತು ಸಿಟ್ಟಿನಿಂದ ಒಂದು ಪದ್ಯ ಬರೆದೆ. ಪದ್ಯ ಚೆನ್ನಾಗಿತ್ತು. ಫೈಲು ಬರಲಿಲ್ಲ.

*

ಫೈಲು ತರಿಸಿದ್ದು ಒಂದು ಅರ್ಜಿ. ಸಂಘಟನೆಯ ಗೆಳೆಯನೊಬ್ಬ ಕಾನೂನು ಓದುತ್ತಿದ್ದ. ಅವನು ಹೇಳಿದ: 'ಕವಿ, ಪದ್ಯ ಆಮೇಲೆ ಬರಿ. ಮೊದ್ಲು ತಾರೀಕು ಲೆಕ್ಕ ಹಾಕು.'

ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ವೈದ್ಯರ ನಡವಳಿಕೆಗೆ ನಿಯಮಗಳನ್ನು ಮಾಡಿದೆ. ಅದರ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡಿರಬೇಕು. ರೋಗಿಯೋ ರೋಗಿ ಒಪ್ಪಿಕೊಟ್ಟ ಆಪ್ತರೋ ಕೇಳಿದರೆ, ಕೇಳಿದ್ದಕ್ಕೆ ರಸೀತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಚಿಕಿತ್ಸೆ ಮಾಡುವಾಗ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆ ಹೇಳಬಾರದು. ನ್ಯಾಯಾಲಯ ಆಜ್ಞೆ ಮಾಡಿದರೆ, ಗೊತ್ತಾದ ಒಬ್ಬ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಇದ್ದರೆ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಗಿದ್ದರೆ ಮಾತ್ರ ಹೇಳಬಹುದು. ಸರ್ಕಾರಕ್ಕೆ ತಿಳಿಸುವುದು ಬೇರೆ, ಊರಿಗೆ ಸಾರುವುದು ಬೇರೆ.

ಎರಡೂ ಮಾತು ಒಂದೇ ನಿಯಮಾವಳಿಯಲ್ಲಿವೆ. ರೋಗಿಗೆ ಕೊಡು, ಬೇರೆಯವರಿಗೆ ಕೊಡಬೇಡ. ನಮ್ಮ ವಿಷಯದಲ್ಲಿ ಎರಡನ್ನೂ ತಿರುವು ಮುರುವು ಮಾಡಿದ್ದರು.

ಲೆಕ್ಕ ಹಾಕಿದೆ. 3 ವರ್ಷ ತುಂಬಲು ಎರಡು ತಿಂಗಳು ಉಳಿದಿತ್ತು. ಕನ್ನಡದಲ್ಲೇ ಅರ್ಜಿ ಬರೆದೆ. 'ನನ್ನ ಶಸ್ತ್ರಚಿಕಿತ್ಸೆಯ ಕೇಸ್ ಶೀಟು, ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿ, ಬಯಾಪ್ಸಿ ವರದಿ ಇವುಗಳ ನಕಲು ಕೊಡಿ.' ಕೆಳಗೆ ಅವ್ವನ ಹೆಬ್ಬೆಟ್ಟು. ಒತ್ತುವಾಗ ಅವಳು ಕೇಳಿದಳು: 'ಇದೇನ್ಲಾ ಇದು, ಇದ್ರಲ್ಲೇನ್ ಕಿತ್ಕತಾರೆ?' ನಾನು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು ಒತ್ತಿದಳು. ಒತ್ತುವ ಮೊದಲು ಓದಿ ಕೇಳಿಸಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡೆ. ಸೀಲು ಹಾಕುವುದಿಲ್ಲ ಎಂದರು. 'ಹಂಗಾದ್ರೆ ರಿಜಿಸ್ಟರ್ ಪೋಸ್ಟಲ್ಲಿ ಕಳಿಸ್ತೀನಿ, ಇನ್ನೊಂದು ಪ್ರತಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ' ಎಂದೆ. ಸೀಲು ಬಿತ್ತು. ನಾಲ್ಕನೇ ದಿನ ಫೈಲಿನ ನಕಲು ಬಂತು. ಹತ್ತೊಂಬತ್ತು ಹಾಳೆ. ಹಿಂದೆ ಕೇಸ್ ಹಾಕ್ತೀರ ಎಂದವರೇ ಈಗ, 'ಮೊದ್ಲೇ ಹಿಂಗ್ ಕೇಳಿದ್ರೆ ಕೊಡ್ತಿರ್ಲಿಲ್ವೇನಪ್ಪ' ಎಂದರು. ಮೂರು ಸಲ ಕೇಳಿದ್ದು ಕೇಳಿದ್ದಲ್ಲ.

*

ಇಲ್ಲಿಂದ ಮುಂದಿನದು ನನ್ನ ಮೇಲಿನ ದೂರು.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹಾಳೆ ತಿರುವಿದೆ. ಕೈಬರಹ, ಇಂಗ್ಲಿಷು, ವೈದ್ಯರ ಭಾಷೆ. ಅರ್ಧ ಅರ್ಥವಾಗಲಿಲ್ಲ. ಬಿ.ಎಸ್ಸಿ. ನರ್ಸಿಂಗ್ ಓದುವ ಗೆಳೆಯನೊಬ್ಬ ಇದ್ದ. ಹತ್ತೊಂಬತ್ತು ಹಾಳೆಯನ್ನೂ ಫೋನಿನಲ್ಲಿ ಫೋಟೋ ಹಿಡಿದು ಅವನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಕಾನೂನು ಓದುವ ಗೆಳೆಯನಿಗೂ ಮಾಡಿದೆ, ಗೆದ್ದೆವು ಎಂಬ ಹುಮ್ಮಸ್ಸಿನಲ್ಲಿ. ಬಸ್ಸು ಯಡಿಯೂರು ದಾಟುವಷ್ಟರಲ್ಲಿ ಉತ್ತರ ಬಂತು: 'ಗಡ್ಡೆ ಇತ್ತು. ಕ್ಯಾನ್ಸರ್ ಇಲ್ಲ. ಬಯಾಪ್ಸಿ ಕ್ಲಿಯರ್. ಆದರೆ ಎರಡೂ ಅಂಡಾಶಯ ತೆಗೆದಿದ್ದಾರೆ. ಅದಕ್ಕೇ ಮೈ ಉರಿ, ಮೂಳೆ ನೋವು. ಬೆಂಗಳೂರು ಡಾಕ್ಟರಿಗೆ ತೋರಿಸು.'

ಬಸ್ಸಿನಲ್ಲೇ ಅತ್ತುಬಿಟ್ಟೆ. ಕ್ಯಾನ್ಸರ್ ಇಲ್ಲ ಎಂಬ ಕಾಗದ ಆ ಬೀರುವಿನಲ್ಲಿ ಮೂರು ವರ್ಷದಿಂದ ಬಿದ್ದಿತ್ತು. ನಾವು ಮೂರು ತಿಂಗಳು ಸತ್ತುಕೊಂಡು ಬದುಕಿದ್ದೆವು. ಎರಡು ಕುರಿ ಹೋಗಿದ್ದವು. ಒಂದು ಹಾಳೆಗಾಗಿ.

ರಾತ್ರಿ ಅವ್ವ ಅಪ್ಪನನ್ನು, 'ಎಮ್ಮೆಗೆ ಹುಲ್ಲಾಕ್ ಬಾ ಹೋಗು' ಎಂದು ಹೊರಗೆ ಕಳಿಸಿ, ನನ್ನ ಮುಂದೆ ಕೂತಳು. 'ಈಗ ಓದು.' ಓದಿದೆ. ಗಡ್ಡೆ ಅಂದೆ. ಕ್ಯಾನ್ಸರ್ ಇಲ್ಲ ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಡಾಶಯ ಅಂದರೆ ಏನೆಂದು ವಿವರಿಸಿದೆ. 'ಅದುನ್ನ ಕೀಳ್ತೀವಿ ಅಂತ ಯಾರೂ ಯೋಳ್ಲಿಲ್ವಲ್ಲೋ' ಎಂದಳು. ಒಪ್ಪಿಗೆ ಪತ್ರದ ಹಾಳೆ ತೋರಿಸಿದೆ. ಅಲ್ಲಿ ಇಂಗ್ಲಿಷಿನಲ್ಲಿ ಎಲ್ಲವೂ ಬರೆದಿತ್ತು. ಕೆಳಗೆ ಅವಳ ಮೂರು ಹೆಬ್ಬೆಟ್ಟು, ನೀಲಿಯಾಗಿ.

ಮುಂದಿನ ಹಾಳೆಯಲ್ಲಿ ರೋಗಿಯ ಹಿಂದಿನ ಚರಿತ್ರೆ ಎಂಬ ಭಾಗ ಇತ್ತು. ಅಲ್ಲಿ ಒಂದು ಸಾಲು. ನಾನು ನಿಂತೆ.

'ಯಾಕ್ ನಿಂತ್ಕಂಡೆ?'

'ಏನಿಲ್ಲವ್ವ, ಅಕ್ಷರ ಸರ್ಯಾಗಿಲ್ಲ.'

'ಅಕ್ಷರ ಸರ್ಯಾಗೇ ಐತೆ ಬುಡು.' ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಡಾಕ್ಟ್ರಮ್ಮ ಕೇಳಿದ್ಲು, ಯೋಳಿದ್ದೆ. ಡಾಕ್ಟ್ರಿಗೆ ಯೋಳಿದ್ದೆ ಕಣಪ್ಪ. ನಿಂಗ್ ಯೋಳಿರ್ಲಿಲ್ಲ.'

ನನ್ನ ಕೈಯಲ್ಲಿದ್ದ ಹಾಳೆ ಭಾರವಾಯಿತು. ಆ ಸಾಲು ಅಷ್ಟು ಹೊತ್ತಿಗೆ ಇಬ್ಬರ ಫೋನಿನಲ್ಲಿತ್ತು. ಹೇಳದೆ ಇರಲಾಗಲಿಲ್ಲ. 'ಅವ್ವ, ಅರ್ಥ ತಿಳ್ಕಳಕೆ ಅಂತ ಇಬ್ರು ಸ್ನೇಹಿತ್ರಿಗೆ ಕಳ್ಸ್‌ಬುಟ್ಟಿದ್ದೆ' ಎಂದೆ.

ಅವಳು ಬಯ್ಯಲಿಲ್ಲ. ದೀಪದ ಕಡೆ ನೋಡಿಕೊಂಡು ಕೇಳಿದಳು: 'ಹಂಗಾದ್ರೆ ನಿಂಗೂ ಟೀ ಅಂಗ್ಡಿಗೂ ಏನ್ ಯತ್ಯಾಸ ಆಯ್ತು?'

ಗೆಳೆಯರಿಬ್ಬರೂ ಅಳಿಸಿದರು. ಅಳಿಸಿದ್ದೇವೆ ಎಂದರು. ಒಳ್ಳೆಯ ಹುಡುಗರು. ಆದರೂ ಅವ್ವನ ಪ್ರಶ್ನೆ ಅಳಿಯಲಿಲ್ಲ. ಇವತ್ತು ಈ ಬರಹಕ್ಕೆ ಕೂತಿರುವುದೇ ಆ ಪ್ರಶ್ನೆಯಿಂದ.

*

ಆ ರಾತ್ರಿಯ ನಂತರ ನನಗೆ ಮತ್ತೆ ಮತ್ತೆ ನೆನಪಾದದ್ದು ಬಾಬಾಸಾಹೇಬರು ದಾಖಲಿಸಿರುವ ಒಂದು ಘಟನೆ. 1929ರಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಬಂದ ಒಂದು ಪತ್ರ ಅದು. ಕಾಠಿಯಾವಾಡದ ಹಳ್ಳಿಯೊಂದರಲ್ಲಿ ಅಸ್ಪೃಶ್ಯ ಶಾಲಾ ಮಾಸ್ತರನ ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ. ಬಾಣಂತಿಯನ್ನೇ ಕೇರಿಯ ಹೊರಗೆ ತರಿಸಿದ. ಜ್ವರದ ಕಡ್ಡಿಯನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮಾಸ್ತರನ ಕೈಗೆ, ಮಾಸ್ತರ ಹೆಂಡತಿಗೆ. ಕಡ್ಡಿ ಅದೇ ದಾರಿಯಲ್ಲಿ ವಾಪಸು ಬಂತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಎಂದ, ಹೊರಟುಹೋದ. ಆಕೆ ಸತ್ತಳು.

ಈಗ ಡಾಕ್ಟರು ಮುಟ್ಟುತ್ತಾರೆ. ಕತ್ತರಿ ಹಾಕುವಷ್ಟು ಮುಟ್ಟುತ್ತಾರೆ. ಆದರೆ ಕಾಗದ ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತದೆ. ನರ್ಸು, ಕೌಂಟರಿನ ಹುಡುಗ, ಯಜಮಾನ, ಟೀ ಅಂಗಡಿ, ಮಗ, ಮಗನ ಸ್ನೇಹಿತರು. ಎಲ್ಲರ ಕೈ ದಾಟುತ್ತದೆ, ಅವಳ ಕೈ ಒಂದನ್ನು ಬಿಟ್ಟು. ಅಂದು ಮೈಗೆ ಮೈಲಿಗೆ. ಇಂದು ಅಕ್ಷರಕ್ಕೆ ಮಡಿ.

ಇದು ನಮ್ಮ ಮನೆಯೊಂದರ ಕತೆ ಎಂದುಕೊಳ್ಳಬೇಡಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಹೊಟ್ಟೆನೋವೆಂದು ಖಾಸಗಿ ಆಸ್ಪತ್ರೆಗೆ ಹೋಗಿ ಗರ್ಭಕೋಶವಿಲ್ಲದೆ ವಾಪಸು ಬಂದದ್ದು 2015ರಲ್ಲಿ ಬಯಲಿಗೆ ಬಂತು. ಅಂಥವರು ಎರಡು ಸಾವಿರಕ್ಕೂ ಹೆಚ್ಚು. ಬಹಳ ಮಂದಿ ನಲವತ್ತು ದಾಟದವರು. 'ಕ್ಯಾನ್ಸರ್ ಆಗ್ತದೆ, ತೆಗೆಸ್ಕೋ' ಎಂಬ ಬಾಯಿಮಾತು ಸಾಕಾಗಿತ್ತು. ಬಾಯಿಮಾತಿಗೆ ಎದುರಾಗಿ ನಿಲ್ಲಬೇಕಾದರೆ ಕಾಗದ ಬೇಕು. ರೋಗಿಯ ಕೈಯಲ್ಲಿ ಕಾಗದ ಇಲ್ಲದ ಕಡೆ ಹೆಣ್ಣಿನ ಒಡಲು ಬೆಳೆ ತೆಗೆಯುವ ಹೊಲವಾಗುತ್ತದೆ.

ಇನ್ನು ಕಾಗದ ಇಲ್ಲದವರ ಗತಿ? 2022ರ ನವೆಂಬರ್ ಮೊದಲ ವಾರ ನಮ್ಮದೇ ತುಮಕೂರಿನಲ್ಲಿ ನೋಡಿದೆವು. ಅವಳಿ ಮಕ್ಕಳ ತುಂಬು ಬಸುರಿಯೊಬ್ಬಳು ನೋವು ಬಂದು ಜಿಲ್ಲಾಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ಬೆಂಗಳೂರಿಗೆ ಹೋಗು ಎಂದರು. ದುಡ್ಡಿಲ್ಲದೆ ಮನೆಗೆ ಮರಳಿದಳು. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಎರಡು ಹಸುಗೂಸುಗಳೂ ಸತ್ತವು. ವೈದ್ಯೆಯನ್ನೂ ನರ್ಸುಗಳನ್ನೂ ಅಮಾನತು ಮಾಡಿದರು. ತುರ್ತಿನಲ್ಲಿ ಬಂದವರಿಗೆ ದಾಖಲೆ ಕೇಳಬಾರದು ಎಂಬ ಮಾತು ಆಮೇಲೆ ಬಂತು. ನಾವು ಕೇಳಿದಾಗ ಕೊಡದ ಕಾಗದವನ್ನು ನಮ್ಮಲ್ಲಿ ಇಲ್ಲದಾಗ ಕೇಳುತ್ತಾರೆ.

ಕೊರೋನಾ ಕಾಲ ಇನ್ನೊಂದು ಪಾಠ ಕಲಿಸಿತು. 2020ರ ಮಾರ್ಚಿನಲ್ಲಿ ಹೊರದೇಶದಿಂದ ಬಂದು ಮನೆಯಲ್ಲೇ ಇರಬೇಕಾದವರ ವಿಳಾಸದ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಬಹಿರಂಗ ಮಾಡಿತು. ಕೈಗೆ ಮಸಿಯ ಮುದ್ರೆ ಒತ್ತಿದರು, ಬಾಗಿಲಿಗೆ ಚೀಟಿ ಅಂಟಿಸಿದರು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರು ನಮ್ಮ ಮಾನ ಹೋಯಿತು ಎಂದು ಕೂಗಿದರು. ಹಾಲಿನವನು ಬರಲಿಲ್ಲ, ಪಕ್ಕದ ಮನೆಯವರು ಮುಖ ತಿರುಗಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಂಬಂಧಪಟ್ಟ ಅಧಿಕಾರಿ ಕಾನೂನಿನ ಪ್ರಕಾರ ನಿರ್ದೇಶಿಸದ ಹೊರತು ಹೀಗೆ ಬಾಗಿಲಿಗೆ ಚೀಟಿ ಅಂಟಿಸಬಾರದು ಎಂದಿತು. ಸರಿಯಾದ ಮಾತು. ಅವರ ನೋವೂ ನೋವೇ. ಆದರೆ ಗೆಳೆಯರೇ, ಅವರ ಬಾಗಿಲ ಮೇಲಿನ ಚೀಟಿ ಹದಿನಾಲ್ಕು ದಿನದ್ದು. ಎ.ಕೆ. ಕಾಲೋನಿ ಎಂಬ ಚೀಟಿ ನಮ್ಮ ಬಾಗಿಲ ಮೇಲೆ ಎಷ್ಟು ವರ್ಷದ್ದು?

*

ಕಾನೂನು ಇಲ್ಲವೆಂದಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗಲೇ ಎಂಬತ್ತು ದಾಟಿದ್ದ ಮುದುಕರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. 2017ರಲ್ಲೇ ಬಂದ ಎಚ್‌ಐವಿ ಕಾಯ್ದೆ, ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ವಿಷಯ ಹೊರಗೆಡಹುವುದನ್ನು ತಡೆಯುತ್ತದೆ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೋಗಿಗಳ 17 ಹಕ್ಕುಗಳ ಸನ್ನದು ಬರೆಯಿತು. ದಾಖಲೆ ಪಡೆಯುವ ಹಕ್ಕು, ಗುಟ್ಟು ಕಾಯಿಸಿಕೊಳ್ಳುವ ಹಕ್ಕು ಎರಡೂ ಅದರಲ್ಲಿವೆ. ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 30 ದಿನ, ಜೀವದ ಪ್ರಶ್ನೆಯಾದರೆ 48 ಗಂಟೆ. ಯಾಕೆ ಬೇಕು ಎಂದು ಕೇಳುವಂತಿಲ್ಲ. ಬಡತನದ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ.

ಚಿಕ್ಕವನಿದ್ದಾಗ ನಾನು ತಿಳಿದುಕೊಂಡಿದ್ದೆ, ಕಾನೂನು ಅಂದರೆ ನಮ್ಮೂರ ಡ್ಯಾಮಿನ ಸೈಫನ್ ಇದ್ದ ಹಾಗೆ, ಅನ್ಯಾಯ ಒಂದು ಮಟ್ಟಕ್ಕೆ ಬಂದರೆ ತಾನಾಗಿಯೇ ಎಳೆದುಕೊಳ್ಳುತ್ತದೆ ಎಂದು. ಹಾಗಲ್ಲ. ಅದು ತೂಬು. ಒಬ್ಬರು ನೀರಿಗಿಳಿದು, ಉಸಿರು ಕಟ್ಟಿ, ಎತ್ತಬೇಕು.

ಈಗ ಹೊಸ ಕಾಲ ಬರುತ್ತಿದೆ. 2021ರ ಸೆಪ್ಟೆಂಬರಿನಿಂದ ದೇಶದಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಡೆಯುತ್ತಿದೆ. ಒಬ್ಬೊಬ್ಬರಿಗೂ 14 ಅಂಕಿಯ ಆಭಾ ಸಂಖ್ಯೆ. ನಮ್ಮ ದಾಖಲೆ ನಮ್ಮ ಫೋನಿನಲ್ಲೇ, ನಾವು ಒಪ್ಪಿದರೆ ಮಾತ್ರ ಬೇರೆಯವರಿಗೆ. ಮಾತು ಚೆನ್ನಾಗಿದೆ. ಫೈಲು ಕಳೆದುಹೋಯಿತು ಎಂಬ ನೆಪ ತಪ್ಪಬಹುದು. ಆದರೆ ಅವ್ವನ ಹೆಸರಿನಲ್ಲಿ ಫೋನಿಲ್ಲ. ಅವಳ ಒಪ್ಪಿಗೆಯ ಒಟಿಪಿ ಬರುವುದು ನನ್ನ ಫೋನಿಗೆ. ಅವಳು ಹೂಂ ಅನ್ನುವ ಮೊದಲೇ ನಾನು ಒತ್ತಬಲ್ಲೆ. ಹಳೆಯ ಹೆಬ್ಬೆಟ್ಟು ಕಡೇಪಕ್ಷ ಅವಳ ಬೆರಳಿನದಾಗಿತ್ತು.

ಅದಕ್ಕೇ ಈ ಮಾತನ್ನು ವೈದ್ಯರಿಗಿಂತ ಹೆಚ್ಚಾಗಿ ನಮ್ಮವರಿಗೆ ಹೇಳುತ್ತಿದ್ದೇನೆ. ಈ ಪತ್ರಿಕೆ ಓದುವ ಮೇಷ್ಟ್ರುಗಳೇ, ಹಾಸ್ಟೆಲಿನ ಹುಡುಗ ಹುಡುಗಿಯರೇ, ಸಂಘಟನೆಯ ಸಂಗಾತಿಗಳೇ, ನಮ್ಮ ನಮ್ಮ ಕೇರಿಗಳಲ್ಲಿ ಅಕ್ಷರ ಬಲ್ಲವರು ನಾವು. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಪತ್ರ, ಕೋರ್ಟಿನ ನೋಟೀಸು ಎಲ್ಲ ನಮ್ಮ ಕೈಗೇ ಬರುತ್ತವೆ. ಹಿಂದೆ ಶಾನುಭೋಗನ ಕೈಯಲ್ಲಿದ್ದ ಅಧಿಕಾರ ಇದೇ ಅಲ್ಲವೇ? ಓದಬಲ್ಲವನಿಗೆ ಊರಿನ ಗುಟ್ಟೆಲ್ಲ ಗೊತ್ತು, ಗುಟ್ಟು ಗೊತ್ತಿದ್ದವನಿಗೆ ಊರು ಹೆದರುತ್ತದೆ. ನಾವು ಅಕ್ಷರ ಕಲಿತದ್ದು ಶಾನುಭೋಗರಾಗುವುದಕ್ಕಲ್ಲ.

ಮಾಡಬೇಕಾದ್ದು ಬಹಳ ಇಲ್ಲ. ಆಸ್ಪತ್ರೆಯಿಂದ ಬಿಡುವ ದಿನವೇ ಪೂರ್ತಿ ಡಿಸ್ಚಾರ್ಜ್ ವಿವರವನ್ನೂ ರಿಪೋರ್ಟುಗಳ ನಕಲನ್ನೂ ಕೇಳಿ. ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ತಾರೀಕು ಹಾಕಿ, ಸೀಲು ಹಾಕಿಸಿಕೊಳ್ಳಿ. 3 ವರ್ಷ ತುಂಬಲು ಬಿಡಬೇಡಿ. ಖಾಸಗಿಯವರು ಕೊಡದಿದ್ದರೆ ವೈದ್ಯಕೀಯ ಪರಿಷತ್ತಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ, ಗ್ರಾಹಕರ ನ್ಯಾಯಾಲಯವಿದೆ. ಹೆಬ್ಬೆಟ್ಟು ಒತ್ತುವ ಮೊದಲು ಕನ್ನಡದಲ್ಲಿ ಓದಿ ಹೇಳಿ ಎನ್ನಿ. ಕಾಗದ ಕೈಗೆ ಬಂದ ಮೇಲೆ ಮೊದಲು ಅದರ ಒಡೆಯರಿಗೆ ಓದಿ ಹೇಳಿ, ಬೇರೆಯವರನ್ನು ಹೊರಗೆ ಕಳಿಸಿ. ಬೇರೊಬ್ಬರಿಗೆ ತೋರಿಸಬೇಕಾದರೆ ಯಾವ ಹಾಳೆ ತೋರಿಸಲಿ ಎಂದು ಕೇಳಿ. ಬೇಡ ಅಂದರೆ ಬೇಡ.

*

ಬೆಂಗಳೂರಿನ ಡಾಕ್ಟರಮ್ಮ ಫೈಲು ನೋಡಿ ಔಷಧಿ ಬದಲಿಸಿದರು. ಮೂಳೆಗೆ ಮಾತ್ರೆ ಕೊಟ್ಟರು. ಅವ್ವನ ಮೈ ಉರಿ ಈಗ ಕಡಿಮೆ. ಸೊಂಟ ನೋವು ಪೂರ್ತಿ ಹೋಗಿಲ್ಲ. ಕಳೆಗೆ ಹೋಗುತ್ತಾಳೆ, ಮಧ್ಯಾಹ್ನಕ್ಕೇ ಬಂದುಬಿಡುತ್ತಾಳೆ. ಅರ್ಧ ಕೂಲಿ.

ಹತ್ತೊಂಬತ್ತು ಹಾಳೆಯ ಆ ಫೈಲು ಈಗ ಅವಳ ಟ್ರಂಕಿನಲ್ಲಿದೆ, ಮದುವೆ ಸೀರೆಯ ಕೆಳಗೆ. ಬೀಗದ ಕೈ ಅವಳ ತಾಳಿಯ ದಾರದಲ್ಲಿದೆ. ಆಸ್ಪತ್ರೆಗೆ ಹೋಗುವ ದಿನ ತಾನೇ ತೆಗೆದು, ಹಾಳೆ ಎಣಿಸಿ, ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಓದಲು ಬರದಿದ್ದರೂ ಆ ಒಂದು ಸಾಲು ಯಾವ ಹಾಳೆಯಲ್ಲಿದೆ ಎಂದು ಅವಳಿಗೆ ಗೊತ್ತು. ಅದರ ಮೂಲೆಯನ್ನು ಒಂಚೂರು ಮಡಿಸಿಟ್ಟಿದ್ದಾಳೆ. ಡಾಕ್ಟರಮ್ಮನಿಗೆ ತೋರಿಸುವಾಗ ನನ್ನನ್ನು, 'ನೀನೊಸಿ ಆಚೆ ಕುಂತಿರು' ಎನ್ನುತ್ತಾಳೆ.

ನಾನು ಆಚೆ ಕೂತಿರುತ್ತೇನೆ.